ಬೈಟು ಟೀ ಮತ್ತು ಎರಡು ಲೋಟ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಇವತ್ತು ನಾವು ಟೀ ಬಗ್ಗೆ ಮಾತಾಡೋಣ ಅಂತ ಬಂದಿದ್ದೇವೆ. ಕ್ರಾಂತಿ ಬಗ್ಗೆ ಏನಾದ್ರೂ ಹೇಳ್ತಾರೆ ಅಂತ ಬಂದವರು ಎದ್ದು ಹೋಗಬೇಡಿ. ನಮ್ಮ ಜನರ ಪಾಲಿಗೆ ಈ ಎರಡಕ್ಕೂ ಬಹಳ ದೂರವಿಲ್ಲ.

ಬೆಂಗಳೂರಿನಲ್ಲಿ ಹಾಸ್ಟೆಲ್ ಇದ್ದ ಕಡೆ ಒಂದು ಟೀ ಅಂಗಡಿ ಇದ್ದೇ ಇರುತ್ತದೆ. ಎರಡು ಬೆಂಚು, ಕುದಿಯುವ ಪಾತ್ರೆ, ಗಾಜಿನ ಡಬ್ಬಿಯಲ್ಲಿ ಬನ್ನು, ಬಿಸ್ಕತ್ತು. ಹಾಸ್ಟೆಲ್ಲಿನ ನೀರು ಸಾರು ಉಂಡ ಹೊಟ್ಟೆಗೆ ಸಂಜೆ ಹೊತ್ತು ಆ ಅಂಗಡಿಯೇ ತವರುಮನೆ. ಆಟೋದವರು, ಗಾರೆ ಕೆಲಸದವರು, ಮೇಷ್ಟ್ರು, ನಾವು, ಎಲ್ಲ ಒಂದೇ ಬೆಂಚಿನ ಮೇಲೆ. ಪರೀಕ್ಷೆ, ಪ್ರೇಮ, ಪದ್ಯ, ಬಾರದ ಸ್ಕಾಲರ್‌ಶಿಪ್ಪು, ಎಲ್ಲದರ ಚರ್ಚೆಯೂ ಅಲ್ಲೇ. ಕಾಸು ಕಡಿಮೆ ಇದ್ದ ದಿನ "ಅಣ್ಣಾ, ಒಂದು ಬೈಟು" ಅಂತೇವೆ. ಒಂದು ಟೀ ಎರಡು ಲೋಟಕ್ಕೆ ಬೀಳುತ್ತದೆ. ಯಾವ ಲೋಟ ಯಾರಿಗೆ ಅಂತ ಅಂಗಡಿಯಣ್ಣ ನೋಡುವುದಿಲ್ಲ. ಎಲ್ಲ ಲೋಟವೂ ಒಂದೇ ಬಕೆಟ್ಟಿನಲ್ಲಿ ಮುಳುಗಿ ಏಳುತ್ತವೆ.

ಎರಡು ಲೋಟ ಅಂದರೆ ಇಲ್ಲಿ ಗೆಳೆತನ. ನಮ್ಮೂರುಗಳಲ್ಲಿ ಎರಡು ಲೋಟ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಊರವರ ಲೋಟ ಒಳಗೆ. ಕೇರಿಯವರ ಲೋಟ ಹೊರಗೆ ಸೂರಿಗೆ ಸಿಕ್ಕಿಸಿದ್ದು. ನಾವೇ ತಕ್ಕೊಬೇಕು, ನಾವೇ ತೊಳೆದಿಡಬೇಕು. ಟೀ ಮೇಲಿಂದ ಹುಯ್ಯುತ್ತಾರೆ, ದುಡ್ಡು ನೆಲದ ಮೇಲೆ ಇಡಬೇಕು. ಆ ದುಡ್ಡಿಗೆ ಮಾತ್ರ ಮೈಲಿಗೆಯಿಲ್ಲ! ನಮ್ಮ ತಾತಂದಿರಿಗೆ ತೆಂಗಿನ ಚಿಪ್ಪು, ಅಪ್ಪಂದಿರಿಗೆ ಸೂರಿನ ಲೋಟ. ಈಗ ಕೆಲವು ಕಡೆ ಊರವರಿಗೆ ಗಾಜಿನ ಲೋಟ, ನಮಗೆ ಪ್ಲಾಸ್ಟಿಕ್ಕಿನದು. "ಕುಡಿದು ಬಿಸಾಕ್ರಪ್ಪ, ತೊಳೆಯೋ ತೊಂದರೆ ಯಾಕೆ" ಅಂತ ಉಪಚಾರ ಬೇರೆ. ಜಾತಿ ಬಹಳ ಬುದ್ಧಿವಂತ, ಗೆಳೆಯರೆ. ಕಾಲ ಬಂದ ಹಾಗೆ ಪಾತ್ರೆ ಬದಲಾಯಿಸುತ್ತದೆ.

ಹಾಗಾದರೆ ಈ ಪಟ್ಟಣದ ಬೆಂಚನ್ನು ನಮಗೆ ಕೊಟ್ಟವರು ಯಾರು? ಪಟ್ಟಣ ಒಳ್ಳೆಯದು, ಇಲ್ಲಿ ಜಾತಿ ಇಲ್ಲ ಅಂತ ಕೆಲವರು ಹೇಳುತ್ತಾರೆ. ಇದು ಯಾರ ಧರ್ಮವೂ ಅಲ್ಲ, ದಾನವೂ ಅಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳ ಹೆಸರು ಹಿಡಿದೇ ಮಾತಾಡುತ್ತದೆ: ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿಂದ ಹೊರಗಿಡುವಂತಿಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೋಟೆಲಿನ ಪಾತ್ರೆಗಳನ್ನೂ ಹೆಸರಿಸಿತು. 1976ರಿಂದ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾದಾಗ ಲೋಟದ ಮಾತು ಅದಕ್ಕೂ ಸೇರಿತು. ಅದರ ಪ್ರಕಾರ ಶಿಕ್ಷೆ 6 ತಿಂಗಳಿಂದ 5 ವರ್ಷ ಜೈಲು. ಒಂದು ಟೀ ಲೋಟಕ್ಕೆ ಇಷ್ಟೊಂದು ಕಾನೂನು ಬೇಕಾದ ದೇಶ ನಮ್ಮದು.

ಕಾನೂನು ಇದ್ದರೆ ಸಾಕೆ? ಸಾಲದು ಅನ್ನುವುದನ್ನು ಬಾಬಾಸಾಹೇಬರು ಮಹಾಡ್‌ನಲ್ಲಿ ತೋರಿಸಿಕೊಟ್ಟರು. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಎಂದು ಮುಂಬೈ ಶಾಸನ ಸಭೆ ಠರಾವು ಮಾಡಿದ್ದು 1923ರಲ್ಲಿ. ಮಹಾಡ್ ಪುರಸಭೆ ಅದನ್ನು ಒಪ್ಪಿದ್ದು 1924ರಲ್ಲಿ. ಆದರೂ ಚವದಾರ್ ಕೆರೆಯ ನೀರು ನಮ್ಮ ಜನರ ಬಾಯಿಗೆ ಬರಲಿಲ್ಲ. 1927ರ ಮಾರ್ಚ್ 20ರಂದು ಸಾವಿರಾರು ಜನರೊಂದಿಗೆ ಅವರು ಕೆರೆಗಿಳಿದು ಬೊಗಸೆಯಲ್ಲಿ ನೀರು ಕುಡಿದರು. ಆಗ ಠರಾವಿಗೆ ಜೀವ ಬಂತು. ಊರವರು ನಮ್ಮವರನ್ನು ಬಡಿದರು, ಸಗಣಿ ಗಂಜಲ ಹಾಕಿ ಕೆರೆ 'ಶುದ್ಧಿ' ಮಾಡಿದರು, ಕೋರ್ಟಿಗೂ ಹೋದರು. ಹೈಕೋರ್ಟಿನಲ್ಲಿ ನಮ್ಮ ಕಡೆ ತೀರ್ಪು ಬಂದಾಗ 1937. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಹಾಗಂತ ಪಟ್ಟಣವನ್ನು ಪೂರಾ ನಂಬಬೇಡಿ. ಟೀ ಅಂಗಡಿಯಿಂದ ಎದ್ದು ಬಾಡಿಗೆ ರೂಮು ಕೇಳಲು ಹೋಗಿ ನೋಡಿ. "ನೀವು ಯಾವ ಪೈಕಿ?" "ನಾನ್‌ವೆಜ್ಜಾ?" ಬೆಂಚಿನ ಮೇಲೆ ಕೇಳದ ಪ್ರಶ್ನೆ ಬಾಗಿಲ ಬಳಿ ಕಾದು ಕೂತಿರುತ್ತದೆ. ಅಮೆರಿಕದಲ್ಲಿ ಓದಿ ಬಂದ ಬಾಬಾಸಾಹೇಬರು 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಹೋದಾಗ ಒಂದು ಪಾರ್ಸಿ ವಸತಿಗೃಹದಲ್ಲಿ ಜಾತಿ ಮುಚ್ಚಿಟ್ಟು ಇರಬೇಕಾಯಿತು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಅದೂ ಪಟ್ಟಣವೇ.

ನಮ್ಮ ಟೀ ಅಂಗಡಿಯನ್ನೂ ಕಣ್ಣು ಬಿಟ್ಟು ನೋಡಿ. ಬೀದಿ ಗುಡಿಸಿ ಬರುವ ಪೌರಕಾರ್ಮಿಕ ಅಕ್ಕ ಬೆಂಚಿನ ಮೇಲೆ ಕೂರುತ್ತಾಳೋ, ದೂರ ನಿಂತು ಕುಡಿಯುತ್ತಾಳೋ? ನಮ್ಮ ಹಾಸ್ಟೆಲ್ಲಿನ ಹೆಣ್ಣುಮಕ್ಕಳಿಗೆ ಸಂಜೆ ಆರರ ಮೇಲೆ ಅಲ್ಲಿ ಜಾಗ ಇದೆಯೋ? ಅವರು ಬಂದರೆ ಸರಿದು ಕೂರುವವರು ನಾವಾಗಬೇಕು. ಲೋಟದೊಳಗಿನ ಸೊಪ್ಪನ್ನು ಕಿತ್ತವರ ಕೈಯೂ ನೆನಪಿರಲಿ. 2015ರ ಸೆಪ್ಟೆಂಬರಿನಲ್ಲಿ ಕೇರಳದ ಮುನ್ನಾರಿನ ಟೀ ತೋಟದ ಹೆಂಗಸರು 20 ಪರ್ಸೆಂಟ್ ಬೋನಸ್ಸಿಗೆ ರಸ್ತೆಗಿಳಿದರು. ಅವರಲ್ಲಿ ಬಹಳ ಜನ ತಮಿಳು ದಲಿತರು. ಯೂನಿಯನ್ನಿನ ಗಂಡಸರನ್ನು ಪಕ್ಕಕ್ಕೆ ಸರಿಸಿ ತಾವೇ ಮುಂದೆ ನಿಂತರು. ನಾವು ಕುಡಿಯುವ ಟೀಗೆ ಅವರ ಬೆವರಿನ ಬಣ್ಣ ಇದೆ.

ರಜೆ ಬರುತ್ತಿದೆ. ಊರಿಗೆ ಹೋಗುತ್ತೀರಿ. ಪಟ್ಟಣದ ಬೆಂಚಿನ ಮೇಲೆ ಕಲಿತದ್ದನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಹೋಗಬೇಡಿ. ಒಬ್ಬೊಬ್ಬರೇ ಹೋಗಿ ಪೆಟ್ಟು ತಿನ್ನುವುದು ಬೇಡ. ಕೇರಿಯ ಹಿರಿಯರೊಂದಿಗೆ ಮಾತಾಡಿ, ಹತ್ತು ಜನ ಕೂಡಿ ಹೋಗಿ. ಒಳಗೆ ಬೆಂಚಿನ ಮೇಲೆ ಕೂತು ಟೀ ಕೇಳಿ. ಬೇರೆ ಲೋಟ ಬಂದರೆ ಮುಟ್ಟಬೇಡಿ. ತಾರೀಖು, ಹೊತ್ತು, ಆಡಿದ ಮಾತು ಬರೆದಿಡಿ, ಸಾಕ್ಷಿಗಳ ಹೆಸರು ಬರೆದಿಡಿ, ದೂರು ಕೊಡಿ. ಗಲಾಟೆಯಾದರೆ ಮೊದಲ ಪೆಟ್ಟು ಬೀಳುವುದು ಅಲ್ಲೇ ಕೂಲಿ ಮಾಡಿ ಬದುಕುವ ನಮ್ಮ ಅಪ್ಪ ಅವ್ವಂದಿರಿಗೆ. ಆದ್ದರಿಂದ ಅವರನ್ನು ಬಿಟ್ಟು ಹೆಜ್ಜೆ ಇಡಬೇಡಿ, ರಜೆ ಮುಗಿದ ಮೇಲೆ ಅವರನ್ನು ಮರೆಯಲೂ ಬೇಡಿ.

ನಮ್ಮೂರ ಹೋಟೆಲಿನಲ್ಲೂ ಕೇರಿಯ ಹುಡುಗನೂ ಊರ ಹುಡುಗನೂ ಒಂದು ಟೀಯನ್ನು ಬೈಟು ಮಾಡಿ ಕುಡಿಯುವ ದಿನ ಬರಬೇಕು. ಅದನ್ನು ತರುವವರು ನಾವೇ.

ಜೈಭೀಮ್.