ಕೇಳಿದವರ ದನಿಯೂ ಇರಲಿ: ಕಿರು ಧ್ವನಿ ಸಾಕ್ಷ್ಯಚಿತ್ರಗಳ ಬಗ್ಗೆ ಒಂದು ವಾದ



ಸೈದಾಪುರದ ಎಷ್ಟೋ ಮನೆಗಳಿಗೆ ಅಕ್ಷರ ಕಲಿಸಿದ ಮಾಸ್ತರರ ನೆನಪಿನಲ್ಲಿ ನಡೆದುಬಂದ ದತ್ತಿ ಇದು. ಅವರ ಹೆಸರಿನಲ್ಲಿ ಮಾತಾಡಲು ನನ್ನನ್ನು ಕರೆದಿರಿ.

ಸಾಮಾನ್ಯ ಜನರ ಬದುಕನ್ನು ಐದು, ಏಳು, ಹತ್ತು ನಿಮಿಷಗಳಲ್ಲಿ ಅವರದೇ ದನಿಯಲ್ಲಿ ಕೇಳಿಸುವ ಧ್ವನಿ ಸಾಕ್ಷ್ಯಚಿತ್ರ ನನ್ನ ವಿಷಯ. ಇದರ ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಶುರುಮಾಡಿದ ಬಾನುಲಿ ಕೇಂದ್ರ, 1950ರ ಧಾರವಾಡ ಆಕಾಶವಾಣಿ, 1966ರಲ್ಲಿ ನಮ್ಮ ಕಲಬುರಗಿ, ಅಲ್ಲಿ ಬೆಳೆದ ರೂಪಕಗಳು ನಿಮಗೆ ಗೊತ್ತಿರುವಂಥವೇ. ಬಾನಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಸಮುದಾಯ ಬಾನುಲಿಗೆ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಅವಕಾಶ ಸಿಕ್ಕಿತು, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಿಕ್ಕಿತು. ಇವೆಲ್ಲ ಪುಸ್ತಕಗಳಲ್ಲಿವೆ. ನನ್ನ ಹೊತ್ತನ್ನು ನಾನು ಒಂದೇ ಜಗಳಕ್ಕೆ ಮೀಸಲಿಡುತ್ತೇನೆ. ಮಾತಾಡಿದವರ ದನಿಯನ್ನು ಉಳಿಸಿಕೊಂಡು, ಅವರನ್ನು ಮಾತಾಡಿಸಿದವರ ಪ್ರಶ್ನೆಯನ್ನು ಕತ್ತರಿಸಿ ಎಸೆಯುವುದು ಸರಿಯೇ? ಸರಿಯಲ್ಲ ಎಂಬುದು ನನ್ನ ಖಚಿತ ನಿಲುವು.

ಈ ರೂಢಿ ಎಲ್ಲಿ ಬಲಗೊಂಡಿತೆಂದು ಹುಡುಕಿದರೆ ರೈಲಿನ ಕಥೆಯೊಂದು ಸಿಗುತ್ತದೆ. ನಿಮ್ಮದು ರೈಲಿನೂರು, 1871ರಲ್ಲಿ ರಾಯಚೂರು ಮುಟ್ಟಿದ ಹಳಿಯ ಪಕ್ಕದ ಊರು. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. 1957ರ ಫೆಬ್ರುವರಿ 9ರಂದು ಇಂಗ್ಲೆಂಡಿನಲ್ಲಿ ಜಾನ್ ಆಕ್ಸನ್ ಎಂಬ ಉಗಿಬಂಡಿ ಚಾಲಕನ ಎಂಜಿನ್ನಿನಲ್ಲಿ ಬ್ರೇಕಿನ ಉಗಿ ಕೊಳವೆ ಒಡೆಯಿತು. ಬಂಡಿ ಇಳಿಜಾರಿನಲ್ಲಿ ಹತೋಟಿ ತಪ್ಪಿ ಓಡಿತು. ಆತ ಹಾರಿ ಜೀವ ಉಳಿಸಿಕೊಳ್ಳಬಹುದಿತ್ತು, ಆದರೆ ಎಂಜಿನ್ ಬಿಡಲಿಲ್ಲ. ಡಿಕ್ಕಿಯಲ್ಲಿ ಸತ್ತ. ಮರುವರ್ಷ ಬಿಬಿಸಿಯ ಚಾರ್ಲ್ಸ್ ಪಾರ್ಕರ್, ಈವನ್ ಮೆಕಾಲ್, ಪೆಗಿ ಸೀಗರ್ ಸೇರಿ ಅವನ ಬಗ್ಗೆ ‘ದ ಬ್ಯಾಲಡ್ ಆಫ್ ಜಾನ್ ಆಕ್ಸನ್’ ಮಾಡಿದರು. ಅಲ್ಲಿಯವರೆಗಿನ ವಾಡಿಕೆಯಂತೆ, ಕೆಲಸಗಾರರು ಹೇಳಿದ್ದನ್ನು ಬರೆದುಕೊಂಡು ನಟರಿಂದ ಹೇಳಿಸಬೇಕಿತ್ತು. ಟೇಪು ಕೇಳಿದ ಮೇಲೆ ಅವರಿಗೆ ಮನಸ್ಸು ಬರಲಿಲ್ಲ. ಆ ರೈಲ್ವೆಯವರ ಮಾತಿನ ಮುಂದೆ ಯಾವ ನಟನೂ ನಿಲ್ಲಲಾರ ಎನ್ನಿಸಿತು. ನಿರೂಪಕನನ್ನು ತೆಗೆದರು, ನಟರನ್ನು ತೆಗೆದರು, ಹಾಡಿನ ನಡುವೆ ಕೆಲಸಗಾರರ ದನಿಯನ್ನೇ ಇಟ್ಟರು. ಧ್ವನಿ ಮಾಧ್ಯಮಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಅದೇ ಕತ್ತರಿಯಲ್ಲಿ ಅವರು ತಮ್ಮ ಪ್ರಶ್ನೆಗಳನ್ನೂ ತೆಗೆದುಬಿಟ್ಟರು. ಆ ಕೃತಿಯಲ್ಲಿ ಹಾಡು ಜೊತೆಗಿದ್ದುದರಿಂದ ಕೊರತೆ ಕಾಣಲಿಲ್ಲ. ಹಾಡೂ ಇಲ್ಲದೆ, ಒಡನಾಟವೂ ಇಲ್ಲದೆ ನಾವು ಆ ಕತ್ತರಿಯೊಂದನ್ನು ಮಾತ್ರ ಎರವಲು ತಂದುಕೊಂಡೆವು.

ಈಗ ನಾನು ಇಲ್ಲಿ ಕಂಡದ್ದನ್ನು ಹೇಳುತ್ತೇನೆ. ಈ ಸೀಮೆಯಿಂದ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಕಟ್ಟಡದ ಕೆಲಸಕ್ಕೆ ದುಡಿಯಲು ಹೋಗುವ ಕುಟುಂಬಗಳು ಎಷ್ಟೆಂದು ನಿಮಗೆ ನಾನು ಹೇಳಬೇಕಿಲ್ಲ. ಹಾಗೆ ಹೋಗಿಬಂದ ಒಬ್ಬ ತಾಯಿಯ ಮುಂದೆ ಯಂತ್ರ ಹಿಡಿದು ‘ಅಲ್ಲಿ ಜೀವನ ಹೇಗಿದೆ’ ಎಂದು ಕೇಳಿದೆ. ‘ಚಲೋ ಅದ್ರಿ. ಕೆಲಸ ಸಿಗ್ತದ್ರಿ, ರೊಕ್ಕ ಕೊಡ್ತಾರ್ರಿ’ ಎಂದರು. ಯಂತ್ರ ಓಡುತ್ತಲೇ ಇತ್ತು. ಪಕ್ಕದ ಮನೆಯ ಹೆಣ್ಣುಮಗಳು ಬಾಗಿಲಿಗೆ ಬಂದು ನಿಂತು, ‘ಹೋದ ಸಲ ಮೇಸ್ತ್ರಿ ರೊಕ್ಕ ಹಿಡಕೊಂಡಿದ್ನಲ್ಲಕ್ಕ, ಈ ಸಲನಾರ ಕೊಟ್ಟನೇನು?’ ಎಂದಳು. ‘ಎಲ್ಲಿ ಕೊಟ್ಟಾನ ಯವ್ವ? ಅರ್ಧ ಕೊಟ್ಟಾನ, ಉಳಿದದ್ದು ಹಬ್ಬಕ್ಕ ಅಂದಾನ’ ಎಂಬ ಉತ್ತರ ಬಂತು. ಅಲ್ಲಿಂದ ಮಾತು ಹರಿಯಿತು: ತಗಡಿನ ಶೆಡ್ಡು, ನೀರಿನ ಸರದಿ, ಸಾಲಿ ಬಿಟ್ಟ ಮಗ, ಮುಂಗಡ ತಂದ ಸಾಲ.

ಇವೆರಡರಲ್ಲಿ ಮೊದಲಿನದು ಸುಳ್ಳು, ಎರಡನೆಯದು ನಿಜ ಎಂದು ತೀರ್ಮಾನಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊರಗಿನಿಂದ ಬಂದವರ ಮುಂದೆ ಮನೆಯ ಮರ್ಯಾದೆ ಕಾಯುವುದೂ ಆ ತಾಯಿಯ ಬದುಕಿನ ಸತ್ಯವೇ. ಎರಡು ಪ್ರಶ್ನೆಗಳನ್ನೂ ಉಳಿಸಿಕೊಂಡರೆ ಕೇಳುಗರಿಗೆ ಎರಡೂ ಸತ್ಯ ತಿಳಿಯುತ್ತವೆ. ಪ್ರಶ್ನೆ ತೆಗೆದರೆ ಒಂದೇ ಬಾಯಿ ಎರಡು ಥರ ಮಾತಾಡಿದಂತೆ ಕೇಳಿಸುತ್ತದೆ. ಆಗ ಸಂಕಲನಕಾರ ತನಗೆ ಬೇಕಾದ ಒಂದನ್ನು ಇಟ್ಟುಕೊಳ್ಳುತ್ತಾನೆ. ಸರಕಾರಿ ಯೋಜನೆಯ ಪ್ರಚಾರಕ್ಕೆ ಮೊದಲಿನದು, ಪ್ರಶಸ್ತಿ ಸ್ಪರ್ಧೆಗೆ ಎರಡನೆಯದು. ಆ ತಾಯಿ ಎರಡು ಕಡೆಯೂ ಬಳಕೆಯಾಗುತ್ತಾರೆ.

ಮಾಸ್ತರರ ಮನೆಯವರು ನಿನ್ನೆ ನನಗೆ ಅವರ ಹಳೆಯ ನೋಟ್‌ಬುಕ್ಕುಗಳನ್ನು ತೋರಿಸಿದರು. ಊರ ಹಿರಿಯರು ಹೇಳಿದ ಸಂಗತಿಗಳ ಎದುರು ಕೇಳಿದವರು ಯಾರು, ಎಲ್ಲಿ ಕೂತು ಕೇಳಿದ್ದು ಎಂದು ಅಂಚಿನಲ್ಲಿ ಗುರುತು ಹಾಕಿದ್ದಾರೆ. ಯಾವ ವಿಶ್ವವಿದ್ಯಾಲಯವೂ ಅವರಿಗೆ ಇದನ್ನು ಕಲಿಸಿರಲಿಲ್ಲ. ಆ ಶಿಸ್ತಿಗೆ ನಾನು ತಲೆಬಾಗುತ್ತೇನೆ.

ಎದುರು ವಾದಗಳನ್ನು ಈಗ ನೋಡೋಣ. ಆಕಾಶವಾಣಿಯ ಹಿರಿಯ ಗೆಳೆಯರು ನಿರೂಪಕನೇ ಬೇಕೆನ್ನುತ್ತಾರೆ. ಹಳ್ಳಿಯವರ ಮಾತು ಚದುರುತ್ತದೆ, ದಕ್ಷಿಣದ ಕೇಳುಗರಿಗೆ ಯಾದಗಿರಿಯ ಕನ್ನಡ ತಿಳಿಯದು, ಆದ್ದರಿಂದ ತಿದ್ದಿದ ಕನ್ನಡದಲ್ಲಿ ವಿವರಿಸಬೇಕು ಎಂಬುದು ಅವರ ವಾದ. ಬೆಂಗಳೂರಿನ ಕನ್ನಡವನ್ನು ನಾವು ಇಷ್ಟು ವರ್ಷ ವಿವರಣೆಯಿಲ್ಲದೆ ಕೇಳಿ ಅರ್ಥಮಾಡಿಕೊಂಡಿಲ್ಲವೇ? ಆ ಕಷ್ಟವನ್ನು ಅವರೂ ಸ್ವಲ್ಪ ಪಡಲಿ. ಇನ್ನು ಸೈದಾಪುರದಂಥ ಕಡೆ ತೆಲುಗು, ಉರ್ದು, ಲಂಬಾಣಿ ಒಂದೇ ಓಣಿಯಲ್ಲಿ ಕೂಡುತ್ತವೆ. ತಾಂಡಾದ ಅಜ್ಜಿಯ ಲಂಬಾಣಿ ಮಾತಿನ ಮೇಲೆ ಸ್ಟುಡಿಯೊದ ದನಿ ಹೊದಿಸುವ ಬದಲು, ಅವಳ ಮೊಮ್ಮಗಳೇ ಕೇಳಲಿ, ಉತ್ತರವನ್ನು ಕನ್ನಡದಲ್ಲಿ ಮತ್ತೊಮ್ಮೆ ಹೇಳಿ ‘ಹೌದೇನಜ್ಜಿ?’ ಎನ್ನಲಿ. ವಿವರಣೆಯೂ ಆಯಿತು, ಅಜ್ಜಿಗೆ ‘ಹಂಗಲ್ಲ’ ಎನ್ನುವ ಅಧಿಕಾರವೂ ಉಳಿಯಿತು.

ಹೊಸ ತಲೆಮಾರಿನ ಪಾಡ್‌ಕಾಸ್ಟ್ ಗೆಳೆಯರ ವಾದ ಇನ್ನೂ ಚೂಪಾಗಿದೆ. ಪ್ರಶ್ನೆ ಉಳಿಸುವುದು ಕೇಳಿದವನ ಅಹಂಕಾರ, ಸಮಯವೂ ದಂಡ, ಸಾಮಾನ್ಯ ಮನುಷ್ಯನಿಗೆ ಸಿಕ್ಕ ಏಳು ನಿಮಿಷದಲ್ಲಿ ಒಂದನ್ನು ನೀವೇಕೆ ಕಸಿಯುತ್ತೀರಿ ಎನ್ನುತ್ತಾರೆ. ಕಾಳಜಿ ನಿಜವಾದದ್ದು, ಆದರೆ ತೀರ್ಮಾನ ತಲೆಕೆಳಗಾಗಿದೆ. ದನಿ ಅಳಿಸಿದ ಮಾತ್ರಕ್ಕೆ ಕೇಳಿದವನು ಇಲ್ಲವಾಗುವುದಿಲ್ಲ. ಎಲ್ಲಿ ಶುರು, ಎಲ್ಲಿ ಕೊನೆ, ಯಾವ ಅಳು ಉಳಿಯಬೇಕು ಎಂದು ಆರಿಸುವವನು ಅವನೇ. ತನ್ನ ಕೈ ಕಾಣದಂತೆ ಮಾಡಿಕೊಂಡು ಆರಿಸುವುದರಲ್ಲೇ ಹೆಚ್ಚು ಅಹಂಕಾರವಿದೆ. ಪ್ರಶ್ನೆ ಕೇಳಿಸಿದರೆ ಅವನ ದಡ್ಡತನ, ಅವಸರ, ಅನುಕಂಪ ಎಲ್ಲವೂ ಕೇಳುಗರ ಪರೀಕ್ಷೆಗೆ ಒಳಗಾಗುತ್ತವೆ.

ಮೂರನೆಯವರು ಸಂಕಲನವೇ ಬೇಡ, ಇಡೀ ಧ್ವನಿಮುದ್ರಣವನ್ನು ಹಾಗೇ ಇಡಿ ಎನ್ನುವ ಮೌಖಿಕ ಚರಿತ್ರೆಕಾರರು. ಸಂಗ್ರಹಕ್ಕೆ ಇದು ಸರಿ, ನಾನೂ ಹಾಗೆಯೇ ಇಡುತ್ತೇನೆ. ಆದರೆ ಮೂರು ಗಂಟೆಯ ಟೇಪನ್ನು ಗಂಜಿನ ಹಮಾಲರು ಕೂತು ಕೇಳುವುದಿಲ್ಲ. ತನ್ನವರೇ ಕೇಳದ ಮಾತು ಸಂಶೋಧಕನ ಕಪಾಟು ಸೇರುತ್ತದೆ.

ಕೇಳುವವರೇ ಇಲ್ಲದ ದನಿ ಹೇಗಿರುತ್ತದೆ ಎಂಬುದಕ್ಕೆ ಹಳೆಯ ಪುರಾವೆ ಇದೆ. ಗ್ರಿಯರ್ಸನ್ ಎಂಬವರು ನಡೆಸಿದ ಭಾರತದ ಭಾಷಾ ಸಮೀಕ್ಷೆಯ ಜೊತೆಗೆ 1913ರಿಂದ 1929ರವರೆಗೆ ಗ್ರಾಮಫೋನ್ ತಟ್ಟೆಗಳು ತಯಾರಾದವು. ಬೇರೆ ಬೇರೆ ಭಾಷೆಯವರು ಬೈಬಲ್ಲಿನ ದಾರಿ ತಪ್ಪಿದ ಮಗನ ಕಥೆಯನ್ನು ಯಂತ್ರಕ್ಕೆ ಒಪ್ಪಿಸಿದರು. ಉಚ್ಚಾರ ಉಳಿಯಿತು, ವ್ಯಾಕರಣ ಉಳಿಯಿತು. ಒಪ್ಪಿಸಿದವನ ಮನೆ, ಹೊಲ, ಸಾಲ ಯಾವುದೂ ಉಳಿಯಲಿಲ್ಲ, ಯಾರೂ ಕೇಳಿರಲಿಲ್ಲವಲ್ಲ.

ಇದಕ್ಕೆ ಎದುರಾಗಿ, ನಮ್ಮ ಬೀದರಿಗೆ ಹತ್ತಿರದ ಜಹೀರಾಬಾದ್ ಕಡೆಯ ಸಂಘಂ ರೇಡಿಯೊ ನೋಡಿ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಸರೆಯಲ್ಲಿ 2008ರ ಅಕ್ಟೋಬರ್ 15ರಂದು ಪ್ರಸಾರ ಶುರುಮಾಡಿದ ಈ ಕೇಂದ್ರವನ್ನು ನಡೆಸಿದವರು ಸಂಘದ ದಲಿತ ಹೆಣ್ಣುಮಕ್ಕಳೇ. ನವಣೆ, ಸಜ್ಜೆ, ಬೀಜದ ಬಗ್ಗೆ ರೈತ ಮಹಿಳೆಯನ್ನು ಕೇಳುವವಳೂ ರೈತ ಮಹಿಳೆ. ಅವಳ ಪ್ರಶ್ನೆಯಲ್ಲೇ ಅರ್ಧ ಅನುಭವ ಇರುತ್ತದೆ, ಅದನ್ನು ಕತ್ತರಿಸಿದರೆ ಅರ್ಧ ತಿಳಿವಳಿಕೆ ಹೋಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು ಸಮುದಾಯಗಳಿಗೆ ಪರವಾನಗಿ ಸಿಗದ ದಿನಗಳಲ್ಲೇ ಕೇಬಲ್ ಮೂಲಕ ಮನೆಮನೆಗೆ ಇಂಥ ಮಾತು ಮುಟ್ಟಿಸಿದರು. ಅಮೆರಿಕದ ಸ್ಟೋರಿಕೋರ್ 2003ರಲ್ಲಿ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲೊಂದು ಪುಟ್ಟ ಕೋಣೆ ಮಾಡಿ, ಪರಸ್ಪರ ಬಲ್ಲ ಇಬ್ಬರನ್ನು ಒಳಗೆ ಕೂರಿಸಿತು. ಮಗಳು ಅಪ್ಪನನ್ನು ಕೇಳುತ್ತಾಳೆ, ಗೆಳೆಯ ಗೆಳೆಯನನ್ನು. ಸುಮಾರು 40 ನಿಮಿಷದ ಮಾತಿನಿಂದ ಕೆಲವೇ ನಿಮಿಷ ಪ್ರಸಾರಕ್ಕೆ ಬರುತ್ತದೆ. ಹೊರಗಿನ ಪತ್ರಕರ್ತ ಅಲ್ಲಿ ಬೇಕಾಗುವುದೇ ಇಲ್ಲ.

ಸೈದಾಪುರದ ಯುವಕರಿಗೆ ನನ್ನ ಸಲಹೆ ಇಷ್ಟು. ಯಂತ್ರಕ್ಕೆ ಕಾಯಬೇಡಿ, ಕೈಯಲ್ಲಿರುವ ಫೋನು ಸಾಕು. ಗಂಜಿನ ಹಮಾಲರನ್ನು ಹಮಾಲರ ಮಕ್ಕಳು ಕೇಳಲಿ, ಹತ್ತಿ ಬಿಡಿಸುವವರನ್ನು ಜೊತೆಗೆ ಬಿಡಿಸಿದವರು ಕೇಳಲಿ, ದುಡಿಯಲು ಹೋಗಿಬಂದವರನ್ನು ಊರಲ್ಲೇ ಉಳಿದ ಅಕ್ಕತಂಗಿಯರು ಕೇಳಲಿ. ಪ್ರಶ್ನೆ ಕತ್ತರಿಸಬೇಡಿ. ಸಂಕಲನ ಮುಗಿದ ಕೂಡಲೇ ಮೊದಲು ಮಾತಾಡಿದವರಿಗೇ ಕೇಳಿಸಿ, ಅವರು ಬೇಡವೆಂದ ಭಾಗ ತೆಗೆಯಿರಿ. ಸಾಲ, ಮೇಸ್ತ್ರಿ, ಜಾತಿಯ ಮಾತು ಹೊರಬಿದ್ದರೆ ತೊಂದರೆ ಬರುವುದು ಅವರಿಗೆ. ಒಪ್ಪಿದ್ದನ್ನು ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಇಡಿಸಿ, ಕೇಳಿದವರು ಯಾರು, ಹೇಳಿದವರಿಗೆ ಏನಾಗಬೇಕು ಎಂಬುದನ್ನು ಧ್ವನಿಯ ಜೊತೆಗೇ ಬರೆದಿಡಿ. ಈ ದತ್ತಿಯ ಸಮಿತಿಯವರು ಒಪ್ಪಿದರೆ ಮೊದಲ ಗುಂಪಿಗೆ ತರಬೇತಿ ಕೊಡಲು ನಾನು ಮತ್ತೆ ಬರಲು ಸಿದ್ಧನಿದ್ದೇನೆ.