ಆಳದ ಲಾಬ್ಸ್ಟರ್, ಅಂಗಳದ ಸೂರಕ್ಕಿ
(ಹಳೇ ಹುಬ್ಬಳ್ಳಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಸರ್ವ ಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಶಾಂತಿ ಇರಲಿ.

ಪರೀಕ್ಷೆಯ ಫಲಿತಾಂಶ ಬಂದಾಗ ನಮ್ಮ ಓಣಿಗಳಲ್ಲಿ ಒಂದೇ ಮಾತು: "ಅವರ ಮಗ ನೋಡು, ನೀನು ನೋಡು." ಹೀಗೆ ಮಕ್ಕಳನ್ನು ತಕ್ಕಡಿಗೆ ಹಾಕುವ ಮೊದಲು ಅಲ್ಲಾಹನ ಎರಡು ಸೃಷ್ಟಿಗಳನ್ನು ನೋಡೋಣ.

ನಮ್ಮ ಅಂಗಳದ ದಾಸವಾಳಕ್ಕೆ ಬರುವ ಸೂರಕ್ಕಿ ಹತ್ತು ಗ್ರಾಂ ಕೂಡ ತೂಗುವುದಿಲ್ಲ. ಬಾಗಿದ ಕೊಕ್ಕಿನಿಂದ ಮಕರಂದ ಹೀರುತ್ತದೆ. ಹಾಗೆ ಹೀರುವಾಗಲೇ ಪರಾಗವನ್ನು ಹೂವಿನಿಂದ ಹೂವಿಗೆ ಸಾಗಿಸುತ್ತದೆ. ಬಿಸಿಲಲ್ಲಿ ಮಿನುಗುವುದು ಗಂಡು. ಜೇಡರ ಬಲೆಯ ಎಳೆಗಳಿಂದ ತೂಗುಚೀಲದಂತಹ ಗೂಡು ಹೆಣೆಯುವುದು ಹೆಚ್ಚಾಗಿ ಬಣ್ಣ ಕಡಿಮೆಯಿರುವ ಹೆಣ್ಣು.

ಇನ್ನೊಂದು, ನಮ್ಮ ಅರಬಿ ಸಮುದ್ರದಲ್ಲಿ ನೂರಾರು ಮೀಟರ್ ಆಳದಲ್ಲಿರುವ ಚಾವಟಿ ಲಾಬ್ಸ್ಟರ್. ಇದು ಸಿಗಡಿಯ ಬಳಗಕ್ಕೆ ಸೇರಿದ್ದು. (ತಿನ್ನುವ ವಿಷಯದಲ್ಲಿ ಹನಫಿ, ಶಾಫಿಈ ವಿದ್ವಾಂಸರ ಅಭಿಪ್ರಾಯ ಬೇರೆ ಬೇರೆ, ಇಂದಿನ ಮಾತು ಅದಲ್ಲ.) 200 ಮೀಟರ್ ದಾಟಿದರೆ ಸಸ್ಯ ಬೆಳೆಯುವಷ್ಟು ಬೆಳಕು ಇಲ್ಲ. ಅಲ್ಲಿ ಅದು ಚಾವಟಿಯಂತಹ ಉದ್ದ ಮೀಸೆಗಳಿಂದ ಸುತ್ತಲನ್ನು ತಡವಿ ಅರಿಯುತ್ತದೆ. ಬೆಳೆಯಬೇಕಾದರೆ ಹಳೆಯ ಚಿಪ್ಪು ಕಳಚಬೇಕು. ಹೊಸದು ಗಟ್ಟಿಯಾಗುವವರೆಗೆ ಅದರ ಮೈ ಮೃದು, ಆಗ ಅದಕ್ಕೆ ಆಸರೆ ಬೇಕು. ವಿಜ್ಞಾನಿಗಳು ಈ ಜೀವಿಗೆ ಹೆಸರಿಟ್ಟದ್ದು 1938ರಲ್ಲಿ. ಅದಕ್ಕೂ ಮೊದಲು ಅದು ಉಪವಾಸ ಇತ್ತೇ? ಮನುಷ್ಯನಿಗೆ ಗೊತ್ತಿಲ್ಲದಾಗಲೂ ಅದರ ಅನ್ನ ಅದಕ್ಕೆ ತಲುಪುತ್ತಿತ್ತು.

ಪ್ರತಿಯೊಂದು ಜೀವಿಯ ಅನ್ನಾಧಾರವೂ ಅಲ್ಲಾಹನ ಹೊಣೆಯೆಂದು ಪವಿತ್ರ ಕುರ್‌ಆನ್‌ನ ಹೂದ್ ಅಧ್ಯಾಯದ 6ನೇ ವಚನ ತಿಳಿಸುತ್ತದೆ. ಪ್ರವಾದಿ ಯೂನುಸ್(ಅ)ರ ಪ್ರಾರ್ಥನೆ ಮೀನಿನ ಹೊಟ್ಟೆಯ ಕತ್ತಲಿಂದಲೂ ಅಲ್ಲಾಹನಿಗೆ ತಲುಪಿತು. ಅವನಿಗೆ ಆಳವೂ ಒಂದೇ, ಅಂಗಳವೂ ಒಂದೇ.

ಹಾಗೆಂದು ಕೈಕಟ್ಟಿ ಕೂರುವುದು ತವಕ್ಕುಲ್ ಅಲ್ಲ. ಬೆಳಿಗ್ಗೆ ಹಸಿದು ಹೊರಟು ಸಂಜೆ ಹೊಟ್ಟೆ ತುಂಬಿ ಮರಳುವ ಹಕ್ಕಿಯ ಉದಾಹರಣೆಯನ್ನು ಪ್ರವಾದಿ(ಸ) ಕೊಟ್ಟರು. ಹಕ್ಕಿ ಗೂಡಲ್ಲೇ ಕೂರಲಿಲ್ಲ, ಹೊರಟಿತು.

ಈಗ ಹೇಳಿ, ಇವೆರಡರಲ್ಲಿ ಯಾವುದು ಮೇಲು? ಸೂರಕ್ಕಿಯನ್ನು ಕಡಲಿಗೆ ಇಳಿಸಿದರೆ ಸಾಯುತ್ತದೆ, ಲಾಬ್ಸ್ಟರನ್ನು ದಾಸವಾಳದ ಮೇಲೆ ಇಟ್ಟರೂ ಸಾಯುತ್ತದೆ. ತಪ್ಪು ಆ ಜೀವಿಗಳದ್ದಲ್ಲ, ಜಾಗ ಬದಲಿಸಿದವನದ್ದು. ನಮ್ಮ ಮಕ್ಕಳಲ್ಲೂ ಒಬ್ಬ ವೇದಿಕೆಯಲ್ಲಿ ಮಿನುಗುತ್ತಾನೆ, ಇನ್ನೊಬ್ಬ ಗ್ಯಾರೇಜಿನಲ್ಲಿ ಸದ್ದಿಲ್ಲದೆ ದುಡಿದು ತಾಯಿಯ ಔಷಧಿ ತರುತ್ತಾನೆ. ಅಂಕ ಕಡಿಮೆ ಬಂದ ಮಗು ಈಗ ಚಿಪ್ಪು ಕಳಚಿದ ಸ್ಥಿತಿಯಲ್ಲಿದೆ. ಆಗ ಚುಚ್ಚುವ ಮಾತು ಆಳಕ್ಕೆ ಇಳಿಯುತ್ತದೆ. ಚುಚ್ಚದೆ, ಆಸರೆಯಾಗೋಣ.

ಈ ವಾರ ಪ್ರತಿ ಮನೆಯಲ್ಲೂ ಒಂದು ಕೆಲಸ ಮಾಡೋಣ: ಹೋಲಿಸದೆ, ಪ್ರತಿ ಮಗುವಿನ ಒಂದು ಒಳ್ಳೆಯ ಗುಣವನ್ನು ಅದರ ಎದುರಿಗೇ ಹೇಳೋಣ.

ಅಲ್ಲಾಹನು ನಮ್ಮ ನಾಲಿಗೆಗೆ ಮೃದುತ್ವವನ್ನೂ ನಮ್ಮ ಮನೆಗಳಿಗೆ ಬರಕತ್ತನ್ನೂ ಕರುಣಿಸಲಿ. ಆಮೀನ್.