ಮಾರೋಕಿಟ್ಟ ಡೊಮೈನ್ ನಿಮ್ಮ ಪ್ರೊಫೈಲಿಗೆ ಹೋದ್ರೆ, ಕೊಳ್ಳೋಕೆ ಬಂದವರು ಎಲ್ಲಿಗೆ ಹೋಗ್ಬೇಕು?

ಈ ವಾರದ ವಿಷಯ ಬಂದಿದ್ದು ಒಬ್ಬ ಕೇಳುಗರ ಮೆಸೇಜಿನಿಂದ. ದಾವಣಗೆರೆಯವರು. ಅವರು ಹೇಳಿದ್ದು ಇಷ್ಟು: "ಬ್ರೋ, ನನ್ನ ಹತ್ರ 20 ಡೊಮೈನ್ ಹೆಸರುಗಳಿವೆ, ಎಲ್ಲಾ ಸೇಲ್‌ಗೆ. ವೆಬ್‌ಸೈಟ್ ಮಾಡೋಕೆ ಟೈಮಿಲ್ಲ ಅಂತ ಎಲ್ಲವನ್ನೂ ನನ್ನ ಲಿಂಕ್ಡ್‌ಇನ್ ಪ್ರೊಫೈಲಿಗೆ ರೀಡೈರೆಕ್ಟ್ ಮಾಡಿಟ್ಟಿದ್ದೀನಿ. ಒಂದೂವರೆ ವರ್ಷದಲ್ಲಿ ಒಬ್ರೂ ಕೇಳಿಲ್ಲ. ರಿನ್ಯೂವಲ್ ಬಂದಿದೆ. ದುಡ್ಡು ಕಟ್ಲಾ, ಬಿಟ್ಬಿಡ್ಲಾ?"

ಕಾಮರ್ಸ್ ಓದಿದವನಾಗಿ ನನಗೆ ಮೊದಲು ಕಾಣೋದು ಲೆಕ್ಕ. ಒಂದು ಹೆಸರಿಗೆ ವರ್ಷಕ್ಕೆ 1,200 ರೂಪಾಯಿ ಅಂತ ಇಟ್ಕೊಳ್ಳಿ. 20 ಹೆಸರಿಗೆ 24,000. ಇದು ಗೋಡೌನಿನಲ್ಲಿ ಇಟ್ಟ ಸರಕಿನ ಬಾಡಿಗೆ ಇದ್ದ ಹಾಗೆ: ಸರಕು ಹೋದ್ರೂ ಕಟ್ಟಬೇಕು, ಹೋಗದಿದ್ರೂ ಕಟ್ಟಬೇಕು. ಆದ್ರೆ ಸರಕು ಕೆಟ್ಟದ್ದು ಅಂತ ತೀರ್ಮಾನ ಮಾಡೋ ಮೊದಲು ಒಂದು ಪ್ರಶ್ನೆ. ಇದು ಮಾರಾಟಕ್ಕಿದೆ ಅಂತ ಯಾರಿಗಾದ್ರೂ ಗೊತ್ತಿತ್ತಾ?

ರೀಡೈರೆಕ್ಟ್ ಅಂದ್ರೇನು ಅಂತ ಗೊತ್ತಿಲ್ಲದವರಿಗೆ ಒಂದು ಉದಾಹರಣೆ. 2015ರ ಡಿಸೆಂಬರ್. ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ರಿಪಬ್ಲಿಕನ್ ಪಕ್ಷದ ಟಿಕೆಟ್ಟಿಗಾಗಿ ಜೆಬ್ ಬುಷ್ ಮತ್ತು ಡೊನಾಲ್ಡ್ ಟ್ರಂಪ್ ಇಬ್ಬರೂ ಓಡಾಡ್ತಿದ್ರು. ಆಗ ಜೆಬ್‌ಬುಷ್ ಡಾಟ್ ಕಾಮ್ ಅಂತ ಟೈಪ್ ಮಾಡಿದ್ರೆ ತೆರೆದುಕೊಳ್ತಿದ್ದದ್ದು ಟ್ರಂಪ್ ಅವರ ಪ್ರಚಾರದ ಸೈಟು! ಆ ವಿಳಾಸ ಬುಷ್ ಕೈಯಲ್ಲಿ ಇರಲಿಲ್ಲ. ಹೆಸರು ಯಾರ ಕೈಯಲ್ಲಿದೆಯೋ ಅವರು ಬಂದವರನ್ನ ಎಲ್ಲಿಗೆ ಬೇಕಾದ್ರೂ ಕಳಿಸಬಹುದು. ರಿಜಿಸ್ಟ್ರಾರ್ ಸೈಟಿನಲ್ಲಿ 'ಫಾರ್ವರ್ಡಿಂಗ್' ಅನ್ನೋ ಜಾಗದಲ್ಲಿ ಒಂದು ಲಿಂಕ್ ಹಾಕಿದ್ರೆ ಮುಗೀತು.

ಹಾಗಾದ್ರೆ ಸ್ವಂತ ಪ್ರೊಫೈಲಿಗೆ ಕಳಿಸೋದ್ರಲ್ಲಿ ತಪ್ಪೇನು? ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಮೊದಲೆಲ್ಲ ಹೂಈಸ್‌ನಲ್ಲಿ ಹುಡುಕಿದ್ರೆ ಮಾಲೀಕರ ಹೆಸರು, ಇಮೇಲ್ ಸಿಗ್ತಿತ್ತು. 2018ರ ಮೇ ತಿಂಗಳಲ್ಲಿ ಯುರೋಪಿನ ಜಿಡಿಪಿಆರ್ ಕಾನೂನು ಜಾರಿಗೆ ಬಂದ ಮೇಲೆ ಆ ವಿವರಗಳು ಬಹುಮಟ್ಟಿಗೆ ಮರೆಯಾದವು. ಅಂಥಾದ್ರಲ್ಲಿ ಮುಖ, ಹೆಸರು, ಕೆಲಸ ಇರೋ ಪ್ರೊಫೈಲ್ ಕಂಡ್ರೆ 'ಇವರು ಮೋಸದವರಲ್ಲ' ಅಂತ ಒಂದು ನಂಬಿಕೆ ಬರುತ್ತೆ. ಇದು ನಿಜವಾದ ಲಾಭ.

ಈಗ ಕೊಳ್ಳೋರ ಜಾಗದಲ್ಲಿ ನಿಂತು ನೋಡಿ. ಹುಬ್ಬಳ್ಳಿಯಲ್ಲಿ ಒಬ್ಬಾಕೆ ರೊಟ್ಟಿ, ಚಟ್ನಿಪುಡಿ ಬಿಸಿನೆಸ್ ಶುರು ಮಾಡ್ತಿದ್ದಾರೆ ಅಂದ್ಕೊಳ್ಳಿ. ಮನಸ್ಸಿಗೆ ಬಂದ ಹೆಸರನ್ನ ಟೈಪ್ ಮಾಡ್ತಾರೆ. ಅವರಿಗೆ ಬೇಕಾಗಿರೋದು ಮೂರೇ ಉತ್ತರ. ಇದು ಮಾರಾಟಕ್ಕಿದೆಯಾ? ಎಷ್ಟು? ಯಾರನ್ನ ಕೇಳಬೇಕು? ತೆರೆದುಕೊಳ್ಳೋದು ಒಬ್ಬ ಹುಡುಗನ ಲಿಂಕ್ಡ್‌ಇನ್. 'ಓ, ಈ ಹೆಸರು ಇವರು ಬಳಸ್ತಿದ್ದಾರೆ' ಅಂದ್ಕೊಂಡು ಬೇರೆ ಹೆಸರು ಹುಡುಕ್ತಾರೆ. ನಿಮಗೆ ಒಬ್ಬ ಗಿರಾಕಿ ಹೋದ್ರು. ಹೋಗಿದ್ದೂ ನಿಮಗೆ ಗೊತ್ತಾಗಲ್ಲ.

ಅದೂ ಪ್ರೊಫೈಲ್ ಕಂಡ್ರೆ! ಎಷ್ಟೋ ಸಲ ಲಾಗಿನ್ ಮಾಡದವರಿಗೆ ಲಿಂಕ್ಡ್‌ಇನ್, ಇನ್‌ಸ್ಟಾಗ್ರಾಂ ಮೊದಲು ತೋರಿಸೋದೇ 'ಸೈನ್ ಇನ್ ಮಾಡಿ' ಅಂತ. ಸೈನ್ ಇನ್ ಆದ್ರೂ, ಲಿಂಕ್ಡ್‌ಇನ್‌ನಲ್ಲಿ ಕನೆಕ್ಷನ್ ಅಲ್ಲದವರಿಗೆ ನೇರವಾಗಿ ಮೆಸೇಜ್ ಕಳಿಸೋಕೆ ಸಾಮಾನ್ಯವಾಗಿ ದುಡ್ಡು ಕೊಟ್ಟು ತಗೊಂಡ ಪ್ರೀಮಿಯಂ ಬೇಕು. ಇನ್‌ಸ್ಟಾದಲ್ಲಿ ಅಪರಿಚಿತರ ಮೆಸೇಜ್ 'ರಿಕ್ವೆಸ್ಟ್ಸ್' ಅನ್ನೋ ಮೂಲೆಗೆ ಹೋಗಿ ಕೂತಿರುತ್ತೆ. ಅದನ್ನ ನೀವು ಕೊನೇ ಸಲ ತೆಗೆದು ನೋಡಿದ್ದು ಯಾವಾಗ, ನೀವೇ ಹೇಳಿ.

ಟೆಕ್ನಿಕಲ್ ತೊಂದರೆ ಮೂರಿವೆ. ಒಂದು, ಕೆಲವರು 'ಮಾಸ್ಕಿಂಗ್' ಆನ್ ಮಾಡ್ತಾರೆ, ಅಂದ್ರೆ ಮೇಲೆ ವಿಳಾಸ ನಿಮ್ಮದೇ ಕಾಣಬೇಕು, ಒಳಗೆ ಪ್ರೊಫೈಲ್ ಇರಬೇಕು. ಸುರಕ್ಷತೆಯ ಕಾರಣಕ್ಕೆ ದೊಡ್ಡ ಸೋಶಿಯಲ್ ಮೀಡಿಯಾ ಸೈಟುಗಳು ಬೇರೆಯವರ ಚೌಕಟ್ಟಿನೊಳಗೆ ತೆರೆದುಕೊಳ್ಳೋಕೆ ಒಪ್ಪಲ್ಲ. ಬಂದವರಿಗೆ ಕಾಣೋದು ಖಾಲಿ ಪುಟ. ಎರಡು, ಫಾರ್ವರ್ಡಿಂಗ್‌ಗೆ ಎಚ್‌ಟಿಟಿಪಿಎಸ್ ಸರಿಯಾಗಿ ಇಲ್ಲದಿದ್ರೆ ಬ್ರೌಸರ್ 'ಈ ಸಂಪರ್ಕ ಸುರಕ್ಷಿತವಲ್ಲ' ಅಂತ ಹೆದರಿಸುತ್ತೆ. ಮೂರು, 301 ಮತ್ತು 302 ಅಂತ ಎರಡು ಬಗೆಯ ರೀಡೈರೆಕ್ಟ್ ಇವೆ. 301 ಅಂದ್ರೆ ಶಾಶ್ವತ, 302 ಅಂದ್ರೆ ತಾತ್ಕಾಲಿಕ. 301 ಹಾಕಿದ್ರೆ ಬ್ರೌಸರ್ ಅದನ್ನ ನೆನಪಿಟ್ಕೊಳ್ಳುತ್ತೆ. ನಾಳೆ ನೀವು ಬದಲಾಯಿಸಿದ್ರೂ, ಮೊದಲು ಬಂದುಹೋದವರ ಫೋನು ಸ್ವಲ್ಪ ಕಾಲ ಹಳೇ ದಾರಿಯನ್ನೇ ಹಿಡೀಬಹುದು. ಮಾರೋಕಿಟ್ಟ ಹೆಸರಿಗೆ ಏನೇ ಇದ್ರೂ 302 ಸಾಕು.

ಇನ್ನು ಕಾನೂನು. ಇಲ್ಲಿ ದಯವಿಟ್ಟು ಗಮನ ಕೊಡಿ. ಡಿಕ್ಷನರಿಯ ಸಾಮಾನ್ಯ ಪದ ಕೊಂಡು ಮಾರೋದು ತಪ್ಪಲ್ಲ. ಇನ್ನೊಬ್ಬರ ಬ್ರ್ಯಾಂಡಿಗೆ ಹೋಲೋ ಹೆಸರು ಬೇರೆ ಮಾತು. ನಮ್ಮ ಬೆಂಗಳೂರಿನಲ್ಲೇ ಶುರುವಾದ ಕೇಸಿದೆ. 'ಸಿಫಿ' ಹೆಸರಿನಲ್ಲಿ ಇಂಟರ್‌ನೆಟ್ ವ್ಯವಹಾರ ಮಾಡ್ತಿದ್ದ ಸತ್ಯಂ ಇನ್ಫೋವೇ ಕಂಪನಿ, 'ಸಿಫ್ಫಿನೆಟ್' ಅನ್ನೋ ಡೊಮೈನ್ ಇಟ್ಟುಕೊಂಡವರ ಮೇಲೆ ದಾವೆ ಹಾಕಿತು. ಸಿಟಿ ಸಿವಿಲ್ ಕೋರ್ಟ್ ತಾತ್ಕಾಲಿಕ ತಡೆ ಕೊಟ್ಟಿತು, ಹೈಕೋರ್ಟ್ ಅದನ್ನ ತೆಗೆದುಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರ ನಿಂತಿತು. ಡೊಮೈನ್ ಬರೀ ವಿಳಾಸ ಅಲ್ಲ, ಅದು ವ್ಯಾಪಾರದ ಗುರುತು, ಟ್ರೇಡ್‌ಮಾರ್ಕಿನ ಹಾಗೆ ಅದಕ್ಕೂ ರಕ್ಷಣೆ ಇದೆ ಅನ್ನೋದು ಆ ತೀರ್ಪಿನ ಸಾರ.

ಕೋರ್ಟಿಗೆ ಹೋಗದೆಯೂ ಹೆಸರು ಕಿತ್ಕೊಳ್ಳಬಹುದು. ಡಾಟ್ ಕಾಮ್‌ಗೆ ಯುಡಿಆರ್‌ಪಿ ಅಂತ, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಅಂತ ನಿಯಮಗಳಿವೆ. ಯುಡಿಆರ್‌ಪಿಯಲ್ಲಿ ದೂರು ಕೊಟ್ಟವರು ಮೂರು ವಿಷಯ ಸಾಬೀತು ಮಾಡಬೇಕು: ಹೆಸರು ತಮ್ಮ ಟ್ರೇಡ್‌ಮಾರ್ಕಿಗೆ ಗೊಂದಲ ಆಗೋಷ್ಟು ಹತ್ತಿರ ಇದೆ, ಇಟ್ಟುಕೊಂಡವರಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ನೋಂದಾಯಿಸಿ ಬಳಸಿದ್ದಾರೆ. ಒಂದು ಬ್ರ್ಯಾಂಡಿನ ಹೆಸರು ಟೈಪ್ ಮಾಡಿದವರನ್ನ ನಿಮ್ಮ ಫ್ರೀಲಾನ್ಸ್ ಕೆಲಸದ ಪ್ರೊಫೈಲಿಗೆ ಕಳಿಸಿದ್ರೆ, 'ನಮ್ಮ ಹೆಸರಿಂದ ಇವರು ಲಾಭ ಮಾಡ್ತಿದ್ದಾರೆ' ಅನ್ನೋ ವಾದಕ್ಕೆ ಸಾಕ್ಷಿಯನ್ನ ನೀವೇ ಕೊಟ್ಟ ಹಾಗೆ. ಫೋಟೋ ಸಮೇತ! ವೈಪೋದಲ್ಲಿ ಒಬ್ಬ ತೀರ್ಪುಗಾರರ ಮುಂದೆ ಐದು ಡೊಮೈನ್‌ವರೆಗಿನ ದೂರಿಗೆ ಫೀಸು 1,500 ಡಾಲರ್. ವಕೀಲರ ಖರ್ಚು ಬೇರೆ ಇರಲಿ, ನೀವು 10 ಲಕ್ಷ ಕೇಳಿದ್ರೆ ದೊಡ್ಡ ಕಂಪನಿ ಯಾವ ದಾರಿ ಹಿಡಿಯುತ್ತೆ, ಲೆಕ್ಕ ನೀವೇ ಹಾಕಿ.

2024ರ ಅಕ್ಟೋಬರಿನ ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್ ಸುದ್ದಿ ನೆನಪಿರಬೇಕು. ದೆಹಲಿಯ ಒಬ್ಬ ಆ್ಯಪ್ ಡೆವಲಪರ್ ಆ ಹೆಸರು ಮೊದಲೇ ಕೊಂಡಿಟ್ಟು, ಕೇಂಬ್ರಿಡ್ಜ್‌ನಲ್ಲಿ ಓದೋಕೆ ಹಣ ಕೊಡಿ ಅಂತ ಅದೇ ಪುಟದಲ್ಲಿ ಪತ್ರ ಬರೆದರು. ಕಂಪನಿ ಒಪ್ಪಲಿಲ್ಲ ಅಂತ ಆಮೇಲೆ ಅವರೇ ತಿಳಿಸಿದರು. ಜಿಯೋಹಾಟ್‌ಸ್ಟಾರ್ 2025ರ ಫೆಬ್ರವರಿಯಲ್ಲಿ ಶುರುವೂ ಆಯ್ತು. ಬ್ರ್ಯಾಂಡ್ ಹೆಸರನ್ನ ನಂಬಿ ಕನಸು ಕಟ್ಟಬೇಡಿ. ಆದ್ರೆ ಒಂದು ಗಮನಿಸಿ: ಆ ಹೆಸರು ಯಾರ ಹತ್ರ ಇದೆ, ಅವರಿಗೆ ಏನು ಬೇಕು ಅಂತ ಇಡೀ ದೇಶಕ್ಕೆ ಗೊತ್ತಾಗಿದ್ದು ಪುಟದಲ್ಲಿ ಬರೆದಿದ್ದಕ್ಕೆ.

ಹಾಗಾದ್ರೆ ಮಾಡೋದೇನು? ಒಂದು ಪುಟ ಸಾಕು. ಮೇಲೆ ದೊಡ್ಡದಾಗಿ ಹೆಸರು, ಅದರ ಕೆಳಗೆ 'ಈ ಡೊಮೈನ್ ಮಾರಾಟಕ್ಕಿದೆ'. ಬೆಲೆ ಹಾಕಿ, ಹಾಕೋಕೆ ಇಷ್ಟ ಇಲ್ಲದಿದ್ರೆ ಕನಿಷ್ಠ ಎಷ್ಟು ಅಂತಾದ್ರೂ ಹೇಳಿ. ಒಂದು ಇಮೇಲ್, ಒಂದು ಚಿಕ್ಕ ಫಾರ್ಮ್. ಹಣ ಎಸ್ಕ್ರೋ ಮೂಲಕ ಅಂತ ಬರೆಯಿರಿ, ಅಂದ್ರೆ ಹೆಸರು ಕೈ ಬದಲಾಗೋವರೆಗೆ ದುಡ್ಡು ಮಧ್ಯದವರ ಹತ್ರ ಇರುತ್ತೆ. ಕೊನೆಯಲ್ಲಿ ನಿಮ್ಮ ಪ್ರೊಫೈಲಿನ ಲಿಂಕ್. ಪ್ರೊಫೈಲ್ ಹುಟ್ಟಿಸೋ ನಂಬಿಕೆ ಕೆಲಸಕ್ಕೆ ಬರೋದು ಇಲ್ಲಿ, ಗಿರಾಕಿಗೆ ಬೇಕಾದ ಉತ್ತರ ಸಿಕ್ಕ ಮೇಲೆ. 20 ಹೆಸರಿಗೆ 20 ಸೈಟ್ ಬೇಡ. ಇಪ್ಪತ್ತನ್ನೂ ಪಟ್ಟಿ ಮಾಡಿದ ಒಂದೇ ಪುಟಕ್ಕೆ ಎಲ್ಲವನ್ನೂ ಕಳಿಸಿದ್ರೂ ಆಯ್ತು. ಅಥವಾ ಸೆಡೋ, ಆಫ್ಟರ್ನಿಕ್ ಥರದ ಮಾರುಕಟ್ಟೆಯಲ್ಲಿ ಲಿಸ್ಟ್ ಮಾಡಿ, ಸೇಲ್ ಪುಟ ಅವರೇ ಕೊಡ್ತಾರೆ, ಮಾರಾಟವಾದ್ರೆ ಕಮಿಷನ್ ತಗೋತಾರೆ.

ನಿಮ್ಮದೇ ಹೆಸರಿನ ಡೊಮೈನ್ ಇದ್ದು, ಅದು ಮಾರೋಕಲ್ಲ ಅಂದ್ರೆ, ಆರಾಮಾಗಿ ಪ್ರೊಫೈಲಿಗೆ ಕಳಿಸಿ. ವಿಸಿಟಿಂಗ್ ಕಾರ್ಡಿನಲ್ಲಿ ಚೆನ್ನಾಗಿ ಕಾಣುತ್ತೆ. ಮುಂದೆ ಆ ಆ್ಯಪ್ ಬಿಟ್ಟು ಬೇರೆ ಆ್ಯಪಿಗೆ ಹೋದ್ರೂ ವಿಳಾಸ ಅದೇ ಇರುತ್ತೆ.

ದಾವಣಗೆರೆಯ ಗೆಳೆಯರಿಗೆ ನನ್ನ ಸಲಹೆ: ಪಟ್ಟಿಯಲ್ಲಿ ಯಾವುದಾದ್ರೂ ಬ್ರ್ಯಾಂಡಿಗೆ ಹೋಲೋ ಹೆಸರಿದ್ರೆ ಅದನ್ನ ಈ ವರ್ಷವೇ ಬಿಟ್ಬಿಡಿ. 'ಇದನ್ನ ಕೊಳ್ಳೋರು ಯಾರು' ಅಂತ ಕೇಳಿದ್ರೆ ನಿಮಗೇ ಉತ್ತರ ಹೊಳೆಯದ ಹೆಸರುಗಳನ್ನೂ ಬಿಡಿ. ಉಳಿದದ್ದು ಐದೇ ಆದ್ರೂ 6,000 ರೂಪಾಯಿಯಲ್ಲಿ ಮುಗಿಯುತ್ತೆ. ಆ ಐದಕ್ಕೆ ಸರಿಯಾದ ಪುಟ ಹಾಕಿ, ಒಂದು ವರ್ಷ ಕಾಯಿರಿ. ಆಗಲೂ ಯಾರೂ ಕೇಳದಿದ್ರೆ ಆ ಹೆಸರಿಗೆ ಬೇಡಿಕೆ ಇಲ್ಲ ಅಂತ ಧೈರ್ಯವಾಗಿ ಹೇಳಬಹುದು. ಇವತ್ತಿನ ಮಟ್ಟಿಗೆ ಅದನ್ನ ಹೇಳೋಕಾಗಲ್ಲ, ಯಾಕಂದ್ರೆ ಮಾರಾಟಕ್ಕಿದೆ ಅಂತ ಎಲ್ಲೂ ಬರೆದೇ ಇಲ್ಲ.

ನಿಮ್ಮ ಪ್ರಶ್ನೆಗಳನ್ನೂ ಕಳಿಸ್ತಾ ಇರಿ. ಮುಂದಿನ ವಾರ ಸಿಗೋಣ.